ವಕೀಲರು ತೀರಿಕೊಂಡ ಮೇಲೆ: ಮುಂಬಯಿಯ ಕನ್ನಡ ಮನೆಗಳಿಗೊಂದು ಕೈಪಿಡಿ

ಅಂಗಡಿ ನಡೆಸುತ್ತಿದ್ದವರು ತೀರಿಕೊಂಡರೆ ಶಟರ್ ಎಳೆದು ಹದಿಮೂರು ದಿನ ದುಃಖದಲ್ಲಿರಬಹುದು. ವಕೀಲರ ಮನೆಗೆ ಅಷ್ಟು ಬಿಡುವು ಸಿಗುವುದಿಲ್ಲ. ಚಿತೆ ಆರುವ ಮೊದಲೇ ಯಾವುದೋ ಕೋರ್ಟಿನಲ್ಲಿ ಅವರ ಕೇಸಿನ ಹೆಸರು ಕೂಗಿರುತ್ತಾರೆ. ಅವರನ್ನು ನಂಬಿ ನಿಶ್ಚಿಂತೆಯಿಂದಿದ್ದ ಕಕ್ಷಿದಾರರಿಗೆ ಸುದ್ದಿಯೇ ತಲುಪಿರುವುದಿಲ್ಲ. ಆದ್ದರಿಂದ ಈ ಕೈಪಿಡಿಯ ಕ್ರಮ ಇಷ್ಟು: ಮೊದಲು ಡೈರಿ, ಆಮೇಲೆ ಫೈಲು, ಕೊನೆಗೆ ದುಡ್ಡು. ಬ್ಯಾಂಕು, ಫ್ಲಾಟು, ಇನ್ಶೂರೆನ್ಸು ಹದಿನಾಲ್ಕನೇ ದಿನದ ತನಕ ಕಾಯುತ್ತವೆ. ಡೈರಿ ಮಾತ್ರ ಕಾಯುವುದಿಲ್ಲ.

ಈ ಕೆಲಸಕ್ಕೆ ಮೂವರು ಬೇಕು. ಮನೆಯ ಪರವಾಗಿ ಒಬ್ಬರು, ಅವರು ಅಳಿಯನೋ, ತಮ್ಮನೋ, ದೊಡ್ಡ ಮಗಳೋ ಆಗಿರಬಹುದು. ತೀರಿಕೊಂಡವರ ಕ್ಲಾರ್ಕ್ ಎರಡನೆಯವರು. ಮೂರನೆಯವರು ನಂಬಿಕೆಯ ಇನ್ನೊಬ್ಬ ವಕೀಲರು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರ ಕೈಗೆ ತೀರಿಕೊಂಡವರ ಫೋನನ್ನು ಕೊಡಬೇಡಿ. ದಿನಕ್ಕೆ ನಲವತ್ತು ಸಲ ‘ಸರ್ ಇದ್ದಾರಾ?’ ಎಂಬ ಪ್ರಶ್ನೆಗೆ ಉತ್ತರಿಸುವುದು ಅವರ ಪಾಲಿಗೆ ಬರಬಾರದು. ಸಿಮ್ ಬಂದ್ ಮಾಡಬೇಡಿ, ಕನಿಷ್ಠ ಆರು ತಿಂಗಳು ರೀಚಾರ್ಜ್ ಮಾಡುತ್ತಿರಿ. ಕೋರ್ಟಿನ ಎಸ್‌ಎಂಎಸ್, ಬ್ಯಾಂಕಿನ ಓಟಿಪಿ, ಹಳೆಯ ಕಕ್ಷಿದಾರರ ಕರೆ ಎಲ್ಲ ಬರುವುದು ಆ ನಂಬರಿಗೇ. ಆದರೆ ಆ ಓಟಿಪಿ ಹಾಕಿ ಅವರ ಇ–ಫೈಲಿಂಗ್ ಖಾತೆಯಿಂದ ಏನನ್ನೂ ದಾಖಲಿಸಬಾರದು. ಉಪಕಾರ ಮಾಡಲು ಹೋದ ಜೂನಿಯರ್‌ಗಳೇ ಇಲ್ಲಿ ಎಡವುವುದು. ತೀರಿಕೊಂಡವರ ಹೆಸರಲ್ಲಿ ಫೈಲ್ ಆದ ಅರ್ಜಿಯಿಂದ ಕಕ್ಷಿದಾರರ ಕೇಸೇ ಕೆಡುತ್ತದೆ.

ಡೈರಿ ಓದುವುದು

ಕಪ್ಪು ರಟ್ಟಿನ ಕೋರ್ಟ್ ಡೈರಿಯನ್ನು ಹುಡುಕಿ. ಬ್ಯಾಗಿನಲ್ಲಿರುತ್ತದೆ, ಇಲ್ಲವೇ ಕ್ಲಾರ್ಕ್ ಹತ್ತಿರ ಅದರ ನಕಲು ಇರುತ್ತದೆ. ಇಂದಿನಿಂದ ಮುಂದಿನ 45 ದಿನಗಳ ಪುಟಗಳ ಫೋಟೋ ತೆಗೆದಿಡಿ. ಬರಹ ಚುಟುಕಾಗಿರುತ್ತದೆ. ‘ಸಿ.ಸಿ. 412/ಎಸ್.ಎಸ್./2019, ಕೋ. 37, ಕ್ರಾಸ್, ಪಿ.ಎಚ್.’ ಎಂದಿದ್ದರೆ: ಮ್ಯಾಜಿಸ್ಟ್ರೇಟ್ ಕೋರ್ಟಿನ ಕೇಸು, ನಡುವಿನ ‘ಎಸ್.ಎಸ್.’ ಇರುವುದರಿಂದ ಬಹುಮಟ್ಟಿಗೆ ಚೆಕ್ ಬೌನ್ಸಿನದು, ಕೋರ್ಟ್ ರೂಮ್ 37, ಪಾಟೀಸವಾಲು ಅರ್ಧಕ್ಕೆ ನಿಂತಿದೆ. ‘ಆರ್.ಎ.ಇ.’ ಎಂದರೆ ಸ್ಮಾಲ್ ಕಾಸಸ್ ಕೋರ್ಟಿನ ಬಾಡಿಗೆ ತೆರವಿನ ದಾವೆ. ‘ಡಬ್ಲ್ಯು.ಎಸ್.’ ಎಂದರೆ ಪ್ರತಿವಾದಿಯ ಲಿಖಿತ ಹೇಳಿಕೆ. ‘ಎಸ್.ಒ.’ ಎಂದರೆ ಮುಂದಕ್ಕೆ ಹಾಕಿದ್ದು. ‘ಲಾಸ್ಟ್ ಚಾನ್ಸ್’ ಎಂದು ಅಡಿಗೆರೆ ಎಳೆದಿದ್ದರೆ ಆ ಕಕ್ಷಿದಾರರಿಗೆ ಅದೇ ದಿನ ಫೋನ್ ಹೋಗಬೇಕು.

ಡೈರಿ ಸಿಗದಿದ್ದರೂ ದಾರಿ ಇದೆ. ಇ–ಕೋರ್ಟ್ಸ್ ಆ್ಯಪ್‌ನಲ್ಲಿ ವಕೀಲರ ಹೆಸರಿನಿಂದಲೋ ಸನದಿನ (ವಕೀಲಿಕೆಯ ಪರವಾನಗಿಯ) ನಂಬರಿನಿಂದಲೋ ಹುಡುಕಬಹುದು. ಪ್ರತಿ ಕೇಸಿಗೂ 16 ಅಕ್ಷರ–ಅಂಕಿಗಳ ಸಿಎನ್‌ಆರ್ ನಂಬರಿದೆ, ಅದನ್ನು ಬರೆದಿಟ್ಟುಕೊಂಡರೆ ಮುಂದಿನ ತಾರೀಖು, ಹಿಂದಿನ ಆದೇಶ ಎಲ್ಲ ಕಾಣುತ್ತದೆ. ಫೋರ್ಟ್‌ನ ಸಿಟಿ ಸಿವಿಲ್ ಕೋರ್ಟ್, ಧೋಬಿ ತಲಾವಿನ ಸ್ಮಾಲ್ ಕಾಸಸ್, ಬಾಂದ್ರಾದ ಫ್ಯಾಮಿಲಿ ಕೋರ್ಟ್, ಠಾಣೆ, ಕಲ್ಯಾಣ ಹೀಗೆ ಒಂದೊಂದನ್ನೂ ಬೇರೆಬೇರೆಯಾಗಿ ಹುಡುಕಬೇಕು. ಹೈಕೋರ್ಟಿನದು ಅದರದೇ ವೆಬ್‌ಸೈಟಿನಲ್ಲಿದೆ. ಹೆಸರನ್ನು ಎರಡು ಮೂರು ಕಾಗುಣಿತದಲ್ಲಿ ಹಾಕಿ ನೋಡಿ. ಕೋರ್ಟಿನ ಸಿಬ್ಬಂದಿ ನಮ್ಮ ಕಡೆಯ ಹೆಸರುಗಳನ್ನು ಬರೆಯುವ ರೀತಿ ಸಲಕ್ಕೊಂದು ತರ.

ಇಷ್ಟು ಮಾಡಿದರೂ ಒಂದು ಗುಂಪು ಕಣ್ಣಿಗೆ ಬೀಳುವುದಿಲ್ಲ: ಇನ್ನೂ ದಾಖಲಾಗದ ಕೇಸುಗಳು. ಅತಿ ದೊಡ್ಡ ನಷ್ಟ ಆಗುವುದು ಇಲ್ಲೇ. ಹೋಟೆಲಿನವರು ಬೌನ್ಸಾದ ಚೆಕ್ಕು ತಂದು ಕೊಟ್ಟಿರುತ್ತಾರೆ, ಅದು ಡ್ರಾಯರಿನಲ್ಲಿ ಪಿನ್ ಹಾಕಿದ ಸ್ಥಿತಿಯಲ್ಲಿ ಮಲಗಿರುತ್ತದೆ. ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟೀಸ್ ಹೋಗಬೇಕು. ನೋಟೀಸ್ ತಲುಪಿದ ಮೇಲೆ ಹಣ ಕೊಡಲು ಎದುರಿನವರಿಗೆ 15 ದಿನ, ಆ 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ದೂರು ತಡವಾದರೆ ಕಾರಣ ತೋರಿಸಿ ಕ್ಷಮೆ ಕೇಳಬಹುದು, ನೋಟೀಸಿನ 30 ದಿನಕ್ಕೆ ಆ ಕ್ಷಮೆಯಿಲ್ಲ. ಚೆಕ್ಕಿನ ಮೂರು ತಿಂಗಳ ಅವಧಿ ಉಳಿದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕುವುದೊಂದೇ ದಾರಿ. ಆದ್ದರಿಂದ ಡ್ರಾಯರಿನ ಚೆಕ್ಕುಗಳು, ಬ್ಯಾಂಕಿನ ರಿಟರ್ನ್ ಮೆಮೊ, ನೋಟೀಸಿನ ಆಫೀಸ್ ಕಾಪಿಗೆ ಅಂಟಿಸಿದ ಸ್ಪೀಡ್ ಪೋಸ್ಟ್ ರಸೀದಿ, ಇವನ್ನು ಮೊದಲ ವಾರದಲ್ಲೇ ನಂಬಿಕೆಯ ಆ ಇನ್ನೊಬ್ಬ ವಕೀಲರ ಎದುರು ಹರವಿ.

ಅದೇ ಕೂರಿಕೆಯಲ್ಲಿ ಹೊಸ ಸಮನ್ಸುಗಳನ್ನೂ ನೋಡಿ. ಲಿಖಿತ ಹೇಳಿಕೆಗೆ 30 ದಿನ, ಕೋರ್ಟು ಒಪ್ಪಿದರೆ 90ರ ತನಕ. ಕಮರ್ಶಿಯಲ್ ದಾವೆಯಾದರೆ 120 ದಿನ ಕಳೆದ ಮೇಲೆ ಬಾಗಿಲು ಮುಚ್ಚಿತೆಂದೇ ಲೆಕ್ಕ. ಸಾಮಾನ್ಯ ಸಿವಿಲ್ ದಾವೆಯ ಅಪೀಲಿನ ಲೆಕ್ಕ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90.

ತೀರಿಕೊಂಡವರು ತಾವೇ ವಾದಿಯೋ ಪ್ರತಿವಾದಿಯೋ ಆಗಿದ್ದ ಕೇಸನ್ನು ಎಲ್ಲರೂ ಮರೆಯುತ್ತಾರೆ. ಊರಿನ ಪಾಲಿನ ದಾವೆ, ಬಿಲ್ಡರ್ ಮೇಲಿನ ದಾವೆ ಇತ್ಯಾದಿ. ಅಲ್ಲಿ ವಾರಸುದಾರರ ಹೆಸರು ಸೇರಿಸಲು 90 ದಿನ. ಅದು ತಪ್ಪಿದರೆ ದಾವೆ ಬಿದ್ದುಹೋಗುತ್ತದೆ, ಎಬ್ಬಿಸಲು ಮತ್ತೆ 60 ದಿನ. ಬೇರೆಯವರ ಕೇಸುಗಳನ್ನೆಲ್ಲ ಕಾಪಾಡಿ ಸ್ವಂತದ್ದನ್ನು ಕಳೆದುಕೊಂಡ ಮನೆಗಳಿವೆ.

ಕಕ್ಷಿದಾರರಿಗೆ ಹೇಳುವುದು

ತಾರೀಖು ಹತ್ತಿರವಿರುವವರಿಗೆ ಫೋನ್, ಉಳಿದವರಿಗೆ ವಾಟ್ಸಾಪ್. ಸಂದೇಶ ಹೀಗಿದ್ದರೆ ಸಾಕು:

‘ನಮಸ್ಕಾರ. ನಮ್ಮ ತಂದೆಯವರು ___ ತಾರೀಖಿಗೆ ತೀರಿಕೊಂಡರು. ನಿಮ್ಮ ಕೇಸು ___ ಕೋರ್ಟಿನಲ್ಲಿ, ರೂಮ್ ನಂಬರ್ ___, ___ ತಾರೀಖಿಗಿದೆ. ಆ ದಿನ ದಯವಿಟ್ಟು ನೀವೇ ಹಾಜರಿರಿ ಅಥವಾ ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳಿ. ನಿಮ್ಮ ಫೈಲು ಜೋಪಾನವಾಗಿದೆ. ತೆಗೆದುಕೊಂಡು ಹೋಗಲು ___ ಇವರಿಗೆ ಫೋನ್ ಮಾಡಿ. ಬರುವಾಗ ಆಧಾರ್ ಅಥವಾ ಬೇರೆ ಗುರುತಿನ ಚೀಟಿ ತನ್ನಿ.’

‘ನೀವೇ ಹಾಜರಿರಿ’ ಎಂಬ ಮಾತನ್ನು ಬಿಡಬೇಡಿ. ವಕೀಲರೂ ಇಲ್ಲ, ಕಕ್ಷಿದಾರರೂ ಇಲ್ಲ ಎಂದಾದಾಗ ದಾವೆ ವಜಾ ಆಗುವುದು, ಏಕಪಕ್ಷೀಯ ಡಿಕ್ರಿ ಬರುವುದು. ಚೆಕ್ ಕೇಸಿನಲ್ಲಿ ದೂರುದಾರರು ಬಾರದಿದ್ದರೆ ಆರೋಪಿಯೇ ಬಿಡುಗಡೆಯಾಗಬಹುದು. ಕಕ್ಷಿದಾರರು ನಿಂತು ‘ನಮ್ಮ ವಕೀಲರು ತೀರಿಕೊಂಡಿದ್ದಾರೆ’ ಎಂದರೆ ನ್ಯಾಯಾಧೀಶರು ಸಾಮಾನ್ಯವಾಗಿ ತಾರೀಖು ಕೊಡುತ್ತಾರೆ, ರೋಜ್ನಾಮಾದಲ್ಲೂ (ಕೇಸಿನ ದಿನದಿನದ ದಾಖಲೆಯಲ್ಲೂ) ಆ ಕಾರಣ ಬರುತ್ತದೆ. ಅಷ್ಟರಲ್ಲಿ ವಜಾ ಆಗಿಯೇ ಹೋಗಿದ್ದರೆ ಎದೆಗುಂದಬೇಕಿಲ್ಲ. ಮರಳಿ ದಾಖಲಿಗೆ ತರುವ ಅರ್ಜಿಗೆ 30 ದಿನ ಇದೆ, ವಕೀಲರ ಸಾವು ಒಪ್ಪತಕ್ಕ ಕಾರಣವೇ. ಅರ್ಜಿಯ ಜೊತೆ ಮರಣ ಪ್ರಮಾಣಪತ್ರದ ಪ್ರತಿ ಇರಲಿ.

ಸಿವಿಲ್ ಪ್ರೊಸೀಜರ್ ಕೋಡ್‌ನ ಆರ್ಡರ್ 3, ರೂಲ್ 4ರ ಪ್ರಕಾರ ವಕೀಲರು ತೀರಿಕೊಂಡ ಕ್ಷಣಕ್ಕೆ ವಕಾಲತ್ನಾಮೆ, ಅಂದರೆ ಕಕ್ಷಿದಾರರು ಅವರಿಗೆ ಬರೆದುಕೊಟ್ಟ ಅಧಿಕಾರಪತ್ರ, ತಾನಾಗಿ ಮುಗಿಯುತ್ತದೆ. ಹೊಸ ವಕೀಲರಿಗೆ ಮನೆಯವರ ಎನ್‌ಒಸಿ ಬೇಕಿಲ್ಲ. ಯಾರಾದರೂ ಕೇಳಿಕೊಂಡು ಬಂದರೆ ಮರಣ ಪ್ರಮಾಣಪತ್ರದ ಒಂದು ಜೆರಾಕ್ಸ್ ಕೊಡಿ, ಅಷ್ಟೇ. ವಕಾಲತ್ನಾಮೆಯ ಮೇಲೆ ಜೂನಿಯರ್ ಹೆಸರೂ ಸಹಿಯೂ ಇದೆಯೇ ನೋಡಿ. ಇದ್ದರೆ ಅವರ ಅಧಿಕಾರ ಮುಂದುವರಿಯುತ್ತದೆ, ಆ ಕೇಸು ಅನಾಥವಲ್ಲ. ಹಾಗೆಂದು ಮನೆಯವರು ಎಲ್ಲ ಕೇಸುಗಳನ್ನೂ ಗಂಟುಕಟ್ಟಿ ಒಬ್ಬ ವಕೀಲರಿಗೆ ಒಪ್ಪಿಸಬಾರದು. ಆರಿಸುವ ಹಕ್ಕು ಕಕ್ಷಿದಾರರದು.

ಫೈಲು ಒಪ್ಪಿಸುವುದು

ಬಾಕಿ ಫೀಸು ಕೊಡುವ ತನಕ ಫೈಲು ಕೊಡುವುದಿಲ್ಲ ಎನ್ನುವಂತಿಲ್ಲ. ಫೀಸಿಗಾಗಿ ಫೈಲು ಹಿಡಿದಿಡುವ ಹಕ್ಕು ವಕೀಲರಿಗೇ ಇಲ್ಲವೆಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ರಲ್ಲೇ ಹೇಳಿದೆ. ಫೀಸಿನ ಲೆಕ್ಕ ಬೇರೆ ಕಾಗದದಲ್ಲಿರಲಿ. ಅದನ್ನು ಮೂರು ವರ್ಷದೊಳಗೆ ವಾರಸುದಾರರು ಕೇಳಬಹುದು.

ಒಂದು ಉದ್ದನೆಯ ರಿಜಿಸ್ಟರ್ ತೆಗೆದುಕೊಳ್ಳಿ. ಕಕ್ಷಿದಾರರ ಹೆಸರು, ಕೇಸ್ ನಂಬರ್, ಮೂಲ ದಾಖಲೆಗಳ ಪಟ್ಟಿ, ಪುಟಗಳ ಸಂಖ್ಯೆ, ಕೊಂಡೊಯ್ದವರ ಸಹಿ, ತಾರೀಖು. ‘ಫೈಲು ಸಿಕ್ಕಿತು’ ಎಂದು ಒಂದು ಸಾಲು ಬರೆಸಿಕೊಂಡರೆ ಸಾಲದು. ಮುಂದೆ ‘ನಮ್ಮ ಫ್ಲಾಟಿನ ಮೂಲ ಅಗ್ರಿಮೆಂಟು ಅದರಲ್ಲೇ ಇತ್ತು’ ಎಂಬ ಮಾತು ಬರುವುದು ಇಂಥ ರಸೀದಿಯಿಂದಲೇ. ಮೂಲ ಅಗ್ರಿಮೆಂಟು, ಸೊಸೈಟಿಯ ಶೇರ್ ಸರ್ಟಿಫಿಕೇಟು, ಹೋಟೆಲಿನ ಲೈಸೆನ್ಸು, ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟ ಕಂಡಕ್ಟಿಂಗ್ ಅಗ್ರಿಮೆಂಟು, ಲಕೋಟೆಯಲ್ಲಿ ಮುಚ್ಚಿಟ್ಟ ವಿಲ್ಲು, ಇವನ್ನು ಒಂದೊಂದಾಗಿ ನಮೂದಿಸಿ ಫೋಟೋ ತೆಗೆಯಿರಿ. ವಿಲ್ಲಿನ ಲಕೋಟೆ ಒಡೆಯಬೇಡಿ. ಬರೆದವರು ಬದುಕಿದ್ದರೆ ಅವರ ಕೈಗೇ ಕೊಡಿ, ಮಕ್ಕಳ ಕೈಗಲ್ಲ. ಗಂಡ ಹೆಂಡತಿಯ ಕೇಸಿನಲ್ಲಿ ಸಹಿ ಮಾಡಿ ವಕಾಲತ್ತು ಕೊಟ್ಟವರೇ ಬರಬೇಕು. ‘ನಾನು ಅವಳ ಅಣ್ಣ’ ಎಂದು ಬಂದವರಿಗೆ ಪತ್ರವಿಲ್ಲದೆ ಫೈಲು ಹೋಗಬಾರದು.

ಪ್ರತಿ ವಕೀಲರ ಕಪಾಟಿನಲ್ಲೂ ಕಕ್ಷಿದಾರರು ಸಹಿ ಹಾಕಿಟ್ಟ ಖಾಲಿ ವಕಾಲತ್ನಾಮೆಗಳು, ಕೆಲವೊಮ್ಮೆ ಖಾಲಿ ಚೆಕ್ಕುಗಳು ಸಿಗುತ್ತವೆ. ಅವನ್ನು ಅಂದೇ ಬೇರೆ ಮಾಡಿ, ಇಬ್ಬರ ಎದುರು ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆದು ಆಯಾ ಕಕ್ಷಿದಾರರಿಗೆ ಕಳಿಸಿ. ಲೆಟರ್‌ಹೆಡ್ ಮತ್ತು ರಬ್ಬರ್ ಸ್ಟಾಂಪನ್ನು ಬೀಗದಲ್ಲಿಡಿ. ಅವರು ನೋಟರಿಯೂ ಆಗಿದ್ದರೆ ಮುದ್ರೆಯನ್ನೂ ರಿಜಿಸ್ಟರನ್ನೂ ಯಾರೂ ಮುಟ್ಟದಂತೆ ಸೀಲ್ ಮಾಡಿ, ನೇಮಿಸಿದ ಸರ್ಕಾರದ ಇಲಾಖೆಗೆ ಪತ್ರ ಬರೆದು ಅವರು ಹೇಳಿದಂತೆ ಒಪ್ಪಿಸಿ.

ಫೈಲಿನೊಳಗಿನ ಮಾತು ಫೈಲಿನೊಳಗೇ ಇರಲಿ. ಕಕ್ಷಿದಾರರು ವಕೀಲರಿಗೆ ಹೇಳಿದ ಗುಟ್ಟು ಕೇಸು ಮುಗಿದ ಮೇಲೂ ಗುಟ್ಟೇ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 132ನೇ ಕಲಂ ಹೇಳುವುದೂ ಅದನ್ನೇ, ಕ್ಲಾರ್ಕಿಗೂ ಅದು ಅನ್ವಯಿಸುತ್ತದೆ. ಹೆಂಡತಿ ಮಕ್ಕಳ ಹೆಸರು ಆ ಕಲಮಿನಲ್ಲಿಲ್ಲ. ಆದರೂ ತೀರಿಕೊಂಡವರು ಜೀವಮಾನವಿಡೀ ಕಾದ ಮಾತನ್ನು ಮನೆಯವರೂ ಕಾಯಲೇಬೇಕೆಂದು ನಾವು ಒತ್ತಿ ಹೇಳುತ್ತೇವೆ. ಮುಂಬಯಿಯ ಕನ್ನಡ ಬಳಗ ಸಣ್ಣದು. ಮಾಟುಂಗದಲ್ಲಿ ಆಡಿದ ಮಾತು ಸಂಜೆಗೆ ಡೊಂಬಿವಲಿಯಲ್ಲಿರುತ್ತದೆ.

ಮುಗಿದ ಕೇಸುಗಳ ಫೈಲನ್ನು ರದ್ದಿಗೆ ಹಾಕಬೇಡಿ. ರದ್ದಿವಾಲಾನ ತಕ್ಕಡಿಯಿಂದ ಅದು ಭೇಲ್ ಕಟ್ಟುವ ಪೊಟ್ಟಣವಾಗುತ್ತದೆ, ಯಾರದೋ ವಿಚ್ಛೇದನದ ಅಫಿಡವಿಟ್ ಸ್ಟೇಷನ್ ಹೊರಗೆ ಓದಸಿಗುತ್ತದೆ. ಡಿಕ್ರಿ ಜಾರಿಗೆ 12 ವರ್ಷಗಳ ಕಾಲಾವಕಾಶ ಇರುವುದರಿಂದ ‘ಮುಗಿದ’ ಕೇಸಿನ ಸರ್ಟಿಫೈಡ್ ಕಾಪಿಯೂ ಬೇಕಾಗಬಹುದು. ಮೊದಲು ಕಕ್ಷಿದಾರರನ್ನು ಕೇಳಿ. ಯಾರಿಗೂ ಬೇಡವಾದದ್ದನ್ನು ಮೆಷಿನ್ನಿನಲ್ಲಿ ಚೂರು ಮಾಡಿಸಿ. ಹಳೆಯ ಲ್ಯಾಪ್‌ಟಾಪ್ ಮಾರುವುದಿದ್ದರೆ ಹಾರ್ಡ್ ಡಿಸ್ಕ್ ಕಳಚಿಟ್ಟುಕೊಳ್ಳಿ.

ಫೈಲು ಕೊಡುವುದಕ್ಕೆ ವಾರದಲ್ಲಿ ಎರಡು ಸಂಜೆ, ಎರಡೆರಡು ತಾಸು ಗೊತ್ತುಮಾಡಿ. ದಿನವಿಡೀ ಬಾಗಿಲು ತೆರೆದಿಟ್ಟರೆ ಮನೆಯವರು ಬಸವಳಿಯುತ್ತಾರೆ. ಫೈಲಿಗೆ ಬಂದವರು ಐದು ನಿಮಿಷ ಕುಳಿತು ‘ನನ್ನ ಹತ್ತಿರ ಫೀಸಿಗೆ ದುಡ್ಡಿರಲಿಲ್ಲ, ಆದರೂ ನಡೆಸಿದರು’ ಎಂದು ಹೇಳುತ್ತಾರೆ. ಮನೆಯಾಕೆಗೋ ಮನೆಯಾತನಿಗೋ ಅದನ್ನು ಕೇಳುವ ಮನಸ್ಸಿದ್ದರೆ ಆ ಹೊತ್ತು ಪಕ್ಕದಲ್ಲಿ ಕುರ್ಚಿ ಹಾಕಿಕೊಡಿ. ಇಲ್ಲವಾದರೆ ಒತ್ತಾಯ ಬೇಡ.

ಕಾಗದ ಮತ್ತು ದುಡ್ಡು

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಸಾವು ಎಲ್ಲಾಯಿತೋ ಅಲ್ಲಿಯ ಪಾಲಿಕೆ: ಡೊಂಬಿವಲಿಯವರು ಸಾಯನ್ ಆಸ್ಪತ್ರೆಯಲ್ಲಿ ತೀರಿಕೊಂಡರೆ ಮುಂಬಯಿ ಮಹಾನಗರ ಪಾಲಿಕೆ, ಮನೆಯಲ್ಲಿ ತೀರಿಕೊಂಡರೆ ಕಲ್ಯಾಣ–ಡೊಂಬಿವಲಿಯದು. ಆಸ್ಪತ್ರೆ ಫಾರ್ಮ್ 4 ಕೊಡುತ್ತದೆ, ಮನೆಯಲ್ಲಾದರೆ ನೋಡುತ್ತಿದ್ದ ಡಾಕ್ಟರರಿಂದ ಫಾರ್ಮ್ 4ಎ ಬೇಕು. ಹತ್ತು ಮೂಲ ಪ್ರತಿ ತೆಗೆಸಿ.

ಫಾರ್ಮ್ ತುಂಬುವಾಗಲೇ ಹೆಸರನ್ನು ಸನದು, ಪ್ಯಾನ್, ಆಧಾರ್ ಮೂರರ ಜೊತೆ ಹೋಲಿಸಿ. ಊರಿನ ದಾಖಲೆಯಲ್ಲಿ ಇನಿಶಿಯಲ್ ಮತ್ತು ಹೆಸರು, ಮುಂಬಯಿಯಲ್ಲಿ ಹೆಸರು–ತಂದೆಯ ಹೆಸರು–ಅಡ್ಡಹೆಸರು. ಇದರಿಂದ ಒಬ್ಬರೇ ಇಬ್ಬರಾಗಿಬಿಡುತ್ತಾರೆ. ವ್ಯತ್ಯಾಸ ಕಂಡರೆ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ಒಂದನ್ನು ಮೊದಲೇ ಮಾಡಿಸಿಡಿ.

ಸಾವಿನ ಮರುದಿನ ಎಟಿಎಂ ಕಾರ್ಡಿನಿಂದ ದುಡ್ಡು ತೆಗೆಯುವುದು ಎಲ್ಲ ಮನೆಗಳಲ್ಲೂ ಆಗುವ ತಪ್ಪು. ಬೇಡ. ವಕೀಲರ ಖಾತೆಯಲ್ಲಂತೂ ಅವರದಲ್ಲದ ಹಣವೂ ಇರಬಹುದು: ರಾಜಿಯಲ್ಲಿ ಬಂದದ್ದು, ಕೋರ್ಟ್ ಫೀಗೆ ಕೊಟ್ಟದ್ದು, ಡಿಪಾಸಿಟ್ಟಿಗೆ ಇಟ್ಟದ್ದು. ಪಾಸ್‌ಬುಕ್ಕಿನಲ್ಲಿ ದೊಡ್ಡ ಮೊತ್ತ ಬಂದು ಹಾಗೇ ಕೂತಿದ್ದರೆ ಆ ತಾರೀಖನ್ನು ಡೈರಿಯ ಜೊತೆ ತಾಳೆ ನೋಡಿ. ಅದು ಕಕ್ಷಿದಾರರದೆಂದು ಕಂಡರೆ ಪಾಲಿನ ಲೆಕ್ಕದಿಂದ ಹೊರಗಿಡಿ, ಬ್ಯಾಂಕಿನ ಕ್ಲೇಮು ಮುಗಿದ ಕೂಡಲೇ ಕೊಡುತ್ತೇವೆಂದು ಅವರಿಗೆ ಬರೆದು ತಿಳಿಸಿ. ಇತ್ತ, ಕಂಪನಿಗಳು ಫೀಸಿನಿಂದ ಶೇ. 10 ಟಿಡಿಎಸ್ ಮುರಿದಿರುತ್ತವೆ. ಇನ್ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ವಾರಸುದಾರರಾಗಿ ನೋಂದಾಯಿಸಿ ಅವರ ಕೊನೆಯ ರಿಟರ್ನ್ ಸಲ್ಲಿಸಿದರೆ ಬರಬೇಕಾದ ರೀಫಂಡ್ ಬರುತ್ತದೆ. ಟಿಡಿಎಸ್ ವಿವರದ 26ಎಎಸ್ ಫಾರ್ಮ್ ನೋಡಿದರೆ ಯಾರ್ಯಾರು ಫೀಸು ಕೊಡುತ್ತಿದ್ದರೆಂಬ ಪಟ್ಟಿಯೂ ಸಿಕ್ಕಂತಾಯಿತು.

ನಾಮಿನಿ ಎಂದರೆ ಮಾಲೀಕರಲ್ಲ. ಸೊಸೈಟಿ ನಾಮಿನಿಯನ್ನು ತಾತ್ಕಾಲಿಕ ಸದಸ್ಯರನ್ನಾಗಿ ಮಾಡಿಕೊಳ್ಳುತ್ತದೆ, ಹಕ್ಕು ವಾರಸುದಾರರದೇ. ವಿಲ್ಲಿಲ್ಲದೆ ತೀರಿಕೊಂಡ ಹಿಂದೂ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆ ತಾಯಿಗೂ ಸಮಪಾಲಿದೆ. ಊರಲ್ಲಿರುವ ಎಂಬತ್ತೈದರ ಅಜ್ಜಿಯ ಹೆಸರು ಬಿಟ್ಟು ತಯಾರಿಸಿದ ಕಾಗದ ಮುಂದೆ ನಿಲ್ಲುವುದಿಲ್ಲ. ತೀರಿಕೊಂಡವರು ಹೆಣ್ಣುಮಗಳಾದರೆ ಮೊದಲ ಪಾಲು ಗಂಡ ಮತ್ತು ಮಕ್ಕಳದು. ಅಳಿಯಸಂತಾನದ ಆಸ್ತಿ ಸೇರಿದ್ದರೆ ಊರಿನ ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

ಊರಿನ ಜಮೀನಿಗೆ ನಾಡಕಚೇರಿಯ ವಂಶವೃಕ್ಷ, ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಬೇಕು. ಆ ವಂಶವೃಕ್ಷವನ್ನೇ ಮುಂಬಯಿಯಲ್ಲೂ ತೋರಿಸಿದರಾಯಿತು ಎಂದುಕೊಳ್ಳಬೇಡಿ. ಇಲ್ಲಿ ವಾರಸಾ ಪ್ರಮಾಣಪತ್ರ ಕೊಡುವುದು ಕೋರ್ಟು, ಅದೂ 1827ರ ಬಾಂಬೆ ರೆಗ್ಯುಲೇಶನ್ 8ರ ಪ್ರಕಾರ. ಶೇರು, ಡಿಪಾಸಿಟ್ಟುಗಳಿಗೆ ಸಕ್ಸೆಷನ್ ಸರ್ಟಿಫಿಕೇಟು ಬೇರೆ.

ಫೋರ್ಟ್‌ನಂಥ ಕಡೆ ಪಗಡಿಯ (ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೆಯ ಬಾಡಿಗೆಯ) ಆಫೀಸಿದ್ದರೆ ಬೀಗದ ಕೈ ಕೊಡಬೇಡಿ, ಮಾಲೀಕರು ತಂದ ಕಾಗದಕ್ಕೆ ಸಹಿ ಬೇಡ. ಬಾಡಿಗೆಯನ್ನು ಚೆಕ್ಕಿನಲ್ಲೇ ಕಟ್ಟುತ್ತಿರಿ. ಗೊತ್ತಾದ ಅವಧಿಯ ಲೀವ್ ಅಂಡ್ ಲೈಸೆನ್ಸ್ ಕರಾರು ಆದರೆ ಲೆಕ್ಕ ಚುಕ್ತಾ ಮಾಡಿ ಡಿಪಾಸಿಟ್ ವಾಪಸು ಕೇಳಿ.

ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲ್‌ಗೆ ಸನದಿನ ನಂಬರು, ಮರಣ ಪ್ರಮಾಣಪತ್ರ ಸೇರಿಸಿ ಪತ್ರ ಬರೆಯಿರಿ. ಅವರು ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಅದೇ ಪತ್ರದಲ್ಲಿ, ಅವರು 1981ರ ಮಹಾರಾಷ್ಟ್ರ ವಕೀಲರ ಕಲ್ಯಾಣ ನಿಧಿ ಕಾಯ್ದೆಯಡಿ ಸದಸ್ಯರಾಗಿದ್ದರೇ, ನಾಮಿನಿ ಯಾರು ಎಂದು ಕೇಳಿ. ಅವರಿದ್ದ ಬಾರ್ ಅಸೋಸಿಯೇಷನ್ನಿಗೂ ಒಂದು ಪ್ರತಿ.

ಬದುಕನ್ನು ಬರೆದಿಡುವುದು

ಸಂತಾಪ ಸಭೆಗೆ ಜೀವನ ಪರಿಚಯ ಬರೆದುಕೊಡಿ ಎಂದು ಬಾರ್‌ನವರೂ ಸಂಘದವರೂ ಕೇಳುತ್ತಾರೆ. ಅದಕ್ಕೆ ಒಂದು ಪುಟ ಸಾಕು: ಹುಟ್ಟಿದ ಊರು, ಮುಂಬಯಿಗೆ ಬಂದ ವರ್ಷ, ಓದಿದ ಕಾಲೇಜು, ಸನದು ಸಿಕ್ಕ ತಾರೀಖು, ಯಾರ ಕೈಕೆಳಗೆ ಜೂನಿಯರ್ ಆಗಿದ್ದರು, ಯಾವ ಕೋರ್ಟು. ಮೊಮ್ಮಕ್ಕಳಿಗಾಗಿ ಬರೆಯುವುದು ಬೇರೆಯದೇ ಕೆಲಸ, ಅದನ್ನು ಮೊದಲ ವರ್ಷದೊಳಗೆ ಶುರುಮಾಡಿ. ಕ್ಲಾರ್ಕ್, ಟೈಪಿಸ್ಟ್, ಕೋರ್ಟಿನ ಕ್ಯಾಂಟೀನಿನವರು, ಎದುರು ಪಕ್ಷದ ವಕೀಲರು ಇವರ ನೆನಪು ಆಗ ಇನ್ನೂ ಹಸಿಯಾಗಿರುತ್ತದೆ. ‘ಅವರು ಹೇಗಿದ್ದರು?’ ಎಂದು ಕೇಳಿದರೆ ‘ತುಂಬ ಒಳ್ಳೆಯವರು’ ಎಂದಷ್ಟೇ ಸಿಗುತ್ತದೆ. ‘ಕೇಸು ಸೋತ ದಿನ ಆಫೀಸಿಗೆ ಬಂದು ಮೊದಲು ಏನು ಮಾಡುತ್ತಿದ್ದರು?’, ‘ಊಟದ ಡಬ್ಬಿ ಎಷ್ಟು ಗಂಟೆಗೆ ಬಿಚ್ಚುತ್ತಿದ್ದರು?’ ಎಂದು ಕೇಳಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ತಲೆಮಾರಿನವರಾದರೆ ಆ ಹೋಟೆಲಿನ ಬೀದಿ, ಮಲಗುತ್ತಿದ್ದ ಜಾಗ ಇವನ್ನೂ ಬರೆಸಿ. ಕಾಯಿಲೆಯ ವರ್ಷ, ಕೆಲಸವಿಲ್ಲದ ವರ್ಷ, ಮನೆಯಲ್ಲಿ ಮಾತು ನಿಂತಿದ್ದ ವರ್ಷ, ಇವನ್ನು ಬಿಟ್ಟರೆ ಓದಿದ ಮಕ್ಕಳಿಗೆ ಆ ಮನುಷ್ಯ ಸಿಗುವುದಿಲ್ಲ.

ಕಕ್ಷಿದಾರರ ಹೆಸರು ಮಾತ್ರ ಬರೆಯಬಾರದು. ಲಾ ರಿಪೋರ್ಟಿನಲ್ಲಿ ಅಚ್ಚಾದ ತೀರ್ಪನ್ನು ಹೆಸರಿಸಬಹುದು. ಸಂಸಾರದ ಕೇಸು, ಮಕ್ಕಳ ಕೇಸು ಅಚ್ಚಾಗಿದ್ದರೂ ಬೇಡ. ಹಳೆಯ ಡೈರಿಗಳನ್ನು ಇಟ್ಟುಕೊಳ್ಳುವ ಆಸೆಯಿದ್ದರೆ ಇಟ್ಟುಕೊಳ್ಳಿ, ಬೀಗದಲ್ಲಿ.

ಕರಿ ಕೋಟು, ಗೌನು ಹೊಸದಾಗಿ ಸನದು ಪಡೆದವರಿಗೆ ನಿಜಕ್ಕೂ ಉಪಯೋಗ. ಕೊಡುವ ಮೊದಲು ಒಳಜೇಬು ನೋಡಿ: ಲಾಕರ್ ಕೀಲಿ, ಕೋರ್ಟ್ ಫೀ ರಸೀದಿ, ಯಾರದೋ ಫೋನ್ ನಂಬರ್ ಬರೆದ ಚೀಟಿ ಅಲ್ಲೇ ಇರುತ್ತದೆ. ಹೊರಗಿನ ನಾಮಫಲಕವನ್ನು ಅವಸರದಲ್ಲಿ ಕೀಳಬೇಡಿ. ವಾಟ್ಸಾಪ್ ಇಲ್ಲದ ಹಳೆಯ ಕಕ್ಷಿದಾರರು ಆ ಫಲಕವನ್ನೇ ನೋಡಿಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ತೀರಿಕೊಂಡ ತಾರೀಖು ಮತ್ತು ಫೈಲಿಗೆ ಯಾರನ್ನು ಕೇಳಬೇಕೆಂಬುದನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದು ಅದರ ಕೆಳಗೆ ಅಂಟಿಸಿ. ರಿಜಿಸ್ಟರಿನ ಕೊನೆಯ ಫೈಲಿಗೆ ಸಹಿ ಬಿದ್ದ ಮೇಲೆ ಫಲಕ ಇಳಿಸಿ.